ಕಂಠದಲ್ಲಿ ನಿಂತದ್ದು, ರಕ್ತಕ್ಕಿಳಿದದ್ದು

ಮೈಸೂರು ಸಂಸ್ಥಾನಕ್ಕೆ ದಳವಾಯಿಗಳನ್ನು ಕೊಟ್ಟ ಕಳಲೆಗೂ ನಂಜನಗೂಡಿಗೂ ನಡುವಣ ದಾರಿ ಉದ್ದವಾದುದೇನೂ ಅಲ್ಲ. ಆ ದಾರಿಯಲ್ಲಿ ರಾತ್ರಿಯ ವೇಳೆ ಸರಕಿನ ಆಟೋ ನಡೆಸಿಕೊಂಡು ಬರುವ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳಿ. ಮದುವೆಮನೆಯ ಊಟ ಅರಗಲೆಂದು ಹೊರಡುವ ಮುನ್ನ ಎರಡು ಚಮಚ ಅರಿಷ್ಟ ಕುಡಿದಿದ್ದಾನೆ. ಊರು ದಾಟುವಷ್ಟರಲ್ಲಿ ಪೊಲೀಸರು ತಡೆದು ಉಸಿರಿನ ಯಂತ್ರವನ್ನು ಬಾಯಿಗೆ ಹಿಡಿಯುತ್ತಾರೆ; ಅಂಕಿ 30ನ್ನು ಮೀರುತ್ತದೆ. ಅರಿಷ್ಟವೇ ಅರಿಷ್ಟವಾಯಿತು! “ಸ್ವಾಮಿ, ನಾನು ಕುಡಿದಿಲ್ಲ” ಎನ್ನುತ್ತಾನೆ. ನಿಜವಾಗಿ ಕುಡಿದವನು ಹೇಳುವುದೂ ಅದೇ ಮಾತನ್ನಲ್ಲವೆ?

ಇಬ್ಬರಲ್ಲಿ ಸತ್ಯವಂತನಾರೆಂದು ನ್ಯಾಯಾಧೀಶರು ತಿಳಿಯುವುದು ಹೇಗೆ? ಅಲ್ಲಿಗೆ ಬೇಕಾದವನು ತಜ್ಞ ಸಾಕ್ಷಿ. ಸಾಮಾನ್ಯ ಸಾಕ್ಷಿಯು ಕಂಡುಕೇಳಿದ್ದನ್ನಷ್ಟೇ ನುಡಿಯಬೇಕು. ಅಭಿಪ್ರಾಯ ಹೇಳುವ ಅಧಿಕಾರ ತಜ್ಞನಿಗುಂಟು. 1872ರ ಸಾಕ್ಷ್ಯ ಕಾಯಿದೆ ಅವನಿಗೆ ಕೊಟ್ಟಿದ್ದ ಈ ಸ್ಥಾನವನ್ನು 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಅಧಿನಿಯಮವೂ ಉಳಿಸಿಕೊಂಡಿದೆ.

ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಂತೆ, ಚಾಲಕನ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧ. ಮೊದಲ ಸಲಕ್ಕೆ 6 ತಿಂಗಳವರೆಗೆ ಸೆರೆವಾಸ, ಅಥವಾ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಆದರೆ ಯಂತ್ರವು ರಕ್ತವನ್ನು ಕಾಣುವುದಿಲ್ಲ. ಶ್ವಾಸಕೋಶದಿಂದ ಬಂದ ಉಸಿರನ್ನಳೆದು ರಕ್ತದ ಲೆಕ್ಕ ಹೇಳುತ್ತದೆ. ಈಗತಾನೆ ಕುಡಿದ ಅರಿಷ್ಟದ ಆವಿ ಬಾಯಲ್ಲೇ ಉಳಿದಿದ್ದರೆ ಲೆಕ್ಕ ತಪ್ಪುತ್ತದೆ. ಸುಮಾರು 15 ನಿಮಿಷ ತಡೆದು ಮತ್ತೆ ಅಳೆದರೆ ಆ ಆವಿ ಆರಿ, ನಿಜವು ಹೊರಬೀಳುತ್ತದೆ.

ತಜ್ಞನ ಮಾತು ಎರಡು ಅಲಗಿನ ಕತ್ತಿ. ಎರಡು ಚಮಚ ಅರಿಷ್ಟದಿಂದ ರಕ್ತದ ಪ್ರಮಾಣ 30ಕ್ಕೆ ಏರಲಾರದೆಂದೂ ಅವನೇ ಹೇಳಬೇಕು. ಎರಡನೆಯ ಅಳತೆಯಲ್ಲೂ ಅಂಕಿ ಇಳಿಯದಿದ್ದರೆ ಅರಿಷ್ಟದ ಕಥೆ ಅಲ್ಲಿಗೆ ಮುಗಿಯಿತು. ಯಂತ್ರವನ್ನು ಕಾಲಕಾಲಕ್ಕೆ ಸರಿನೋಡಿದ್ದರೆ? ಸೂಜಿ ಚುಚ್ಚುವ ಮುನ್ನ ಚರ್ಮವನ್ನು ಸ್ಪಿರಿಟ್ಟಿನಿಂದ ಒರೆಸಿದರೆ? ರಕ್ತ ಕೆಡದಂತೆ ಸೀಸೆಗೆ ಸೋಡಿಯಂ ಫ್ಲೋರೈಡ್ ಹಾಕಿ, ಮೊಹರು ಮಾಡಿ ಕಳುಹಿಸಿದರೆ? ಪಾಟೀಸವಾಲು ನಡೆಯಬೇಕಾದುದು ಇಂಥ ವಿಷಯಗಳ ಮೇಲೆ.

1971ರಲ್ಲಿ ಮುಂಬಯಿಯ ಚಾಲಕನೊಬ್ಬನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಾಯಿಯ ವಾಸನೆ, ತೂರಾಟ, ಅರಳಿದ ಕಣ್ಣಾಲಿಗಳಿಂದಲೇ ಕುಡಿತ ಸಿದ್ಧವಾಗದೆಂದೂ, ರಕ್ತ ಅಥವಾ ಮೂತ್ರದ ಪರೀಕ್ಷೆಯಾಗಬೇಕಿತ್ತೆಂದೂ ಹೇಳಿತು. ಅದೇ ನಗರದ ಬಾಂದ್ರಾದಲ್ಲಿ 2006ರ ನವೆಂಬರಿನಲ್ಲಿ ಕಾರೊಂದು ಬೀದಿಬದಿ ಮಲಗಿದ್ದವರ ಮೇಲೆ ಹರಿದು 7 ಮಂದಿ ಮಡಿದರು. ಚಾಲಕನ ರಕ್ತದಲ್ಲಿ ಶೇಕಡಾ 0.112, ಅಂದರೆ ಇಂದಿನ ಮಿತಿಯ ಮೂರು ಪಾಲಿಗೂ ಮಿಗಿಲಾದ ಮದ್ಯಸಾರವಿತ್ತೆಂದು ಪರೀಕ್ಷೆ ತೋರಿಸಿತು; 3 ವರ್ಷದ ಶಿಕ್ಷೆಯನ್ನು 2012ರಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ನಿರಪರಾಧಿಯನ್ನು ಕಾಯುವ ವಿಜ್ಞಾನವೇ ಮಡಿದವರ ಪರವಾಗಿಯೂ ನುಡಿಯಬಲ್ಲದು.

ಆದರೆ ಹಣವುಳ್ಳವನು ತಜ್ಞನನ್ನು ಕರೆತಂದಾನು. ಸರಕಿನ ಆಟೋ ನಡೆಸುವವನು? ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋಗುವುದೇ ಅವನಿಗೆ ಅಗ್ಗವೆನಿಸುತ್ತದೆ. ಹಣವಿಲ್ಲದೆಯೂ ದೊರೆಯುವ ರಕ್ಷಣೆ ಕಾಯಿದೆಯಲ್ಲೇ ಉಂಟು. ಈ ಅಪರಾಧಕ್ಕೆ ಬಂಧಿಸಿದವನನ್ನು 2 ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಇಲ್ಲವಾದರೆ ಬಿಡುಗಡೆ ಮಾಡಬೇಕು. ಸರ್ಕಾರಿ ಪ್ರಯೋಗಾಲಯದ ವರದಿ ಕಾಗದದ ಮೇಲೆಯೇ ಸಾಕ್ಷ್ಯವಾಗಬಹುದಾದರೂ, ಅದನ್ನು ಬರೆದ ತಜ್ಞರನ್ನು ಕರೆಸಿ ವಿಚಾರಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಹಾಗೆ ಕರೆಸಿರೆಂದು ಕೇಳಿಕೊಳ್ಳಲು ಆಪಾದಿತನಿಗೆ ಬೇಕಾದುದು ಧನವಲ್ಲ, ತಿಳಿವಳಿಕೆ.

ನಂಜುಂಡ ಸ್ವಾಮಿಯ ಕೊರಳಲ್ಲಿ ನಂಜು ನಿಂತಿತೇ ಹೊರತು ಒಡಲಿಗಿಳಿಯಲಿಲ್ಲವೆಂದು ಪುರಾಣ ಹೇಳುತ್ತದೆ. ಕಂಠದಲ್ಲಿ ನಿಂತದ್ದಾವುದು, ರಕ್ತಕ್ಕಿಳಿದದ್ದಾವುದು ಎಂದು ವಿಂಗಡಿಸಿ ಹೇಳುವುದಷ್ಟೇ ತಜ್ಞನ ಕೆಲಸ, ತೀರ್ಪು ಹೇಳುವುದಲ್ಲ. ಇಳಿಸಿಕೊಂಡವನು ಆ ರಾತ್ರಿ ವಾಹನವನ್ನು ಮುಟ್ಟದಿರುವುದೇ ಎಲ್ಲಕ್ಕಿಂತ ಮೇಲು.