ತಂಡ ಒಡೆಯುವುದು ಸ್ವರ ತಪ್ಪಿ ಅಲ್ಲ

ಶಿಶುನಾಳ ಶರೀಫರ ಊರು ಹಾವೇರಿ ಜಿಲ್ಲೆಗೆ ಸೇರಿದ್ದರೂ ಲಕ್ಷ್ಮೇಶ್ವರಕ್ಕೆ ಸಮೀಪದ್ದು. ಈ ಸೀಮೆಯ ಭಜನಾ ಮಂಡಳಿಗಳ ಸ್ವತ್ತಾದ ಅವರ ತತ್ವಪದಗಳನ್ನು ಗಿಟಾರಿನೊಂದಿಗೆ ನಗರದ ಯುವಜನರಿಗೆ ಮುಟ್ಟಿಸಿದವರಲ್ಲಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಪ್ರಮುಖರು. ಅವರ ಯಶಸ್ಸು ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲು ಅವರು ಕಟ್ಟಿದ ‘ಅಂತರಾಗ್ನಿ’ ತಂಡವನ್ನು ನೆನೆಯುವವರು ಕಡಿಮೆ.

1990ರ ದಶಕದ ಕೊನೆಯಲ್ಲಿ ಹುಟ್ಟಿದ ಆ ತಂಡ ಸಿನಿಮಾದ ಆಸರೆಯಿಲ್ಲದೆ ಸ್ವಂತ ಹಾಡುಗಳನ್ನು ನುಡಿಸಿತು. ಧ್ವನಿಮುದ್ರಣ ಕಂಪನಿಗಳು ಒಲಿಯಲಿಲ್ಲ. 2005ರ ಹೊತ್ತಿಗೆ ತಂಡ ಚದುರಿತು. ದೀಕ್ಷಿತರ ಮೊದಲ ಆಲ್ಬಂ ಹೊರಬಂದದ್ದು 2008ರಲ್ಲಿ, ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿಯ ಬೆಂಬಲದಿಂದ.

ಇಂಥ ಪತನಕ್ಕೆ ನಾವು ಸದಸ್ಯರ ಅಹಂಕಾರವನ್ನು ಕಾರಣವಾಗಿ ಹೇಳುತ್ತೇವೆ. ಅರ್ಥಶಾಸ್ತ್ರ ಬೇರೊಂದು ಕಾರಣ ನೀಡುತ್ತದೆ. ಬಾಮೋಲ್ ಮತ್ತು ಬೋವೆನ್ 1966ರಲ್ಲಿಯೇ ತೋರಿಸಿದಂತೆ, ಕಾರ್ಖಾನೆಯಲ್ಲಿ ಯಂತ್ರದಿಂದ ಉತ್ಪಾದಕತೆ ಹೆಚ್ಚುತ್ತದೆ. ಆದರೆ ನಾಲ್ವರು ನುಡಿಸಬೇಕಾದ ಸಂಗೀತಕ್ಕೆ ಇಂದಿಗೂ ನಾಲ್ವರೇ ಬೇಕು. ಮನೆ ಬಾಡಿಗೆ, ಪ್ರಯಾಣ ವೆಚ್ಚ ಮಾತ್ರ ಉಳಿದ ಜಗತ್ತಿನ ವೇಗದಲ್ಲಿ ಏರುತ್ತವೆ. ಒಬ್ಬ ಗಾಯಕ ಹೇಗೋ ಬದುಕಬಹುದು. ತಂಡ ಬದುಕುವುದು ಕಷ್ಟ.

ಗದಗಿನ ವೀರೇಶ್ವರ ಪುಣ್ಯಾಶ್ರಮ ಈ ಲೆಕ್ಕವನ್ನು ಬಹಳ ಹಿಂದೆಯೇ ಅರಿತಿತ್ತು. ಅಂಧರಿಗೂ ಬಡ ಮಕ್ಕಳಿಗೂ ಅಲ್ಲಿ ಸಂಗೀತ ಪಾಠದ ಜೊತೆಗೆ ಊಟ, ವಸತಿ ದೊರೆಯಿತು. ಪುಟ್ಟರಾಜ ಗವಾಯಿಗಳು ಆಶ್ರಮದ ಖರ್ಚಿಗಾಗಿ ನಾಟಕ ಕಂಪನಿಯನ್ನೇ ನಡೆಸಿದರು. 2010ರಲ್ಲಿ ಅವರು ಲಿಂಗೈಕ್ಯರಾದ ಮೇಲೂ ಸಂಸ್ಥೆ ನಿಂತಿದೆ. ಅಲ್ಲಿ ಸ್ವರದಷ್ಟೇ ಅನ್ನದ ಚಿಂತನೆಯೂ ನಡೆದಿತ್ತು.

ಸೇವೆಯಲ್ಲಿದ್ದಾಗ ಉತ್ಸವವೊಂದರ ಬಿಲ್ಲುಗಳಿಗೆ ನಾನೂ ಸಹಿ ಹಾಕಿದ್ದೇನೆ. ದೊಡ್ಡ ಮೊತ್ತ ರಾಜಧಾನಿಯಿಂದ ಬಂದ ತಾರೆಗೆ ಸಂದಿತು. ಸ್ಥಳೀಯ ಯುವಕರ ವಾದ್ಯವೃಂದಕ್ಕೆ ಬಸ್ ಚಾರ್ಜು ಮತ್ತು ಶಾಲು. ನಿಯಮದ ಪ್ರಕಾರ ಅದರಲ್ಲಿ ತಪ್ಪಿರಲಿಲ್ಲ. ಮರುವರ್ಷ ಆ ತಂಡವೇ ಇರಲಿಲ್ಲ. ಆ ಸಹಿ ಇಂದಿಗೂ ನನ್ನನ್ನು ಕಾಡುತ್ತದೆ.

ಪರಿಹಾರಕ್ಕೆ ಹೊಸ ಅಕಾಡೆಮಿ ಬೇಕಿಲ್ಲ. ಗದಗ-ಬೆಟಗೇರಿಯಲ್ಲಿ, ಶಿರಹಟ್ಟಿ, ಮುಂಡರಗಿಯಂಥ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಸಭಾಂಗಣಗಳು ಖಾಲಿಯಿರುವ ಸಂಜೆಗಳನ್ನು ಯುವ ತಂಡಗಳ ಅಭ್ಯಾಸಕ್ಕೆ ಬಿಟ್ಟುಕೊಡಲಿ. ಪ್ರತಿ ಉತ್ಸವದ ಸಂಭಾವನೆಯಲ್ಲಿ ನಿಶ್ಚಿತ ಪಾಲು ಸ್ಥಳೀಯರಿಗೆ ಮೀಸಲಾಗಲಿ, ಮತ್ತು ಅದು ಕಾರ್ಯಕ್ರಮದ ದಿನವೇ ಕೈಸೇರಲಿ. ಎಲ್ಲ ತಂಡಗಳೂ ಬಾಳಲಾರವು, ನಿಜ. ಆದರೆ ಅವು ಸೋಲುವುದಾದರೆ ಹಾಡಿನಲ್ಲಿ ಸೋಲಲಿ, ಹಸಿವಿನಿಂದಲ್ಲ.