ಬಾವಲಿಯ ದಾಯಾದಿಗಳು

ಹಾವೇರಿಯ ಸೀಮೆಯಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಆಕಾಶವನ್ನು ನೋಡುವವರಿಗೆ ಎರಡು ಬಗೆಯ ಬಾವಲಿಗಳು ಕಾಣಸಿಗುತ್ತವೆ. ಆಲದ ಮರದಿಂದ ಹೊರಟು, ಹಣ್ಣನ್ನರಸಿ ಭಾರವಾಗಿ ರೆಕ್ಕೆ ಬಡಿಯುವ ತೊಗಲುಬಾವಲಿ ಒಂದು. ಹಾಳುಗುಡಿಯ ಕತ್ತಲೆಯಿಂದ ಹೊರಬಿದ್ದು ಹುಳುಗಳನ್ನು ಬೆನ್ನಟ್ಟುವ ಪುಟ್ಟ ಬಾವಲಿ ಇನ್ನೊಂದು. ಇವುಗಳಲ್ಲಿ ಯಾರಿಗೆ ಯಾರು ಹತ್ತಿರದ ನೆಂಟರು? ರೂಪವೊಂದನ್ನೇ ನಂಬಿ ಉತ್ತರ ಹೇಳಿದವರು ಎಡವಿದ್ದುಂಟು.

ಈ ವ್ಯಾಜ್ಯದಲ್ಲಿ ವಿಜ್ಞಾನಿಗಳು ಕರೆದ ಸಾಕ್ಷಿಗಳಲ್ಲಿ ವರ್ಣತಂತು, ಎಂದರೆ ಕ್ರೋಮೊಸೋಮ್, ಒಂದು. ಜೀವಕೋಶವು ವಿಭಜನೆಗೊಳ್ಳುವ ಗಳಿಗೆಯಲ್ಲಿ ಅದನ್ನು ತಡೆದು, ಬಣ್ಣವೂಡಿ, ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು, ತಂತುಗಳನ್ನು ಜೋಡಿಜೋಡಿಯಾಗಿ ಹೊಂದಿಸಿದರೆ ಆ ಪ್ರಾಣಿಯ ವಂಶಪತ್ರ ಸಿದ್ಧವಾದಂತೆ. ಮನುಷ್ಯನಲ್ಲಿ ಅವು 46. ನಮ್ಮ ದೊಡ್ಡ ತೊಗಲುಬಾವಲಿಯಲ್ಲಿ 38. ಎಲೆಮೂಗಿನ ಬಾವಲಿಗಳಲ್ಲಿ ಬಹುಮಟ್ಟಿಗೆ 32. ಕುದುರೆಯ ಲಾಳದಂಥ ಮೂಗಿನ ಬಾವಲಿಗಳ ಹಲವು ಪ್ರಭೇದಗಳಲ್ಲಿ 58 ಅಥವಾ 62.

ಅಂಕಿಯನ್ನು ಕಂಡು ಎಲೆಮೂಗಿಗೂ ಲಾಳಮೂಗಿಗೂ ಬಹು ದೂರವೆಂದು ಯಾರಾದರೂ ತಿಳಿದಾರು. ಆದರೆ ಅವೆರಡೂ ಹತ್ತಿರದ ದಾಯಾದಿಗಳು! ಬ್ಯಾಡಗಿಯ ಮೆಣಸಿನಕಾಯಿಯ ಹೊಲವೊಂದು ಮಕ್ಕಳಲ್ಲಿ ಹಿಸ್ಸೆಯಾದಾಗ ದಫ್ತರದಲ್ಲಿ ಸಂಖ್ಯೆ ಹೆಚ್ಚುತ್ತದೆ, ನೆಲ ಹೆಚ್ಚುವುದಿಲ್ಲ. ವರ್ಣತಂತುಗಳ ವ್ಯವಹಾರವೂ ಹಾಗೆಯೇ. ಲಾಳಮೂಗಿನಲ್ಲಿ ಬಹುಪಾಲು ಒಂಟಿ ತೋಳಿನವಾಗಿರುವ ತಂತುಗಳು ಎಲೆಮೂಗಿನಲ್ಲಿ ಎರಡೆರಡು ಬೆಸೆದಂತೆ ಜೋಡಿತೋಳಿನವಾಗಿವೆ. ಆದ್ದರಿಂದ ಎಣಿಕೆಗಿಂತ ಮುಖ್ಯವಾದುದು ಯಾವ ತುಂಡು ಯಾವುದರ ಮಗ್ಗುಲಲ್ಲಿದೆ ಎಂಬುದು.

ಸಸ್ತನಿಗಳೆಲ್ಲ ಒಂದೇ ಮೂಲದವಾದುದರಿಂದ ಈ ತುಂಡುಗಳನ್ನು ಹುಡುಕಲು ಮನುಷ್ಯನ ವರ್ಣತಂತುಗಳೂ ನೆರವಾದವು. ಅವುಗಳಿಂದ ತಯಾರಿಸಿದ ಹೊಳೆಯುವ ಗುರುತುಗಳನ್ನು ಬಾವಲಿಗಳ ತಂತುಗಳಿಗೆ ಅಂಟಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅದರಲ್ಲಿ ಹಲವು ಕುಟುಂಬಗಳು ಕಾಪಾಡಿಕೊಂಡು ಬಂದ 25 ಖಂಡಗಳು ಗುರುತಾದವು; ಲಾಳಮೂಗು, ಎಲೆಮೂಗುಗಳ ಬಂಧುತ್ವವೂ ಸ್ಪಷ್ಟವಾಯಿತು. ಡಿ.ಎನ್.ಎ. ಪರೀಕ್ಷೆಯಂತೂ ಇನ್ನೂ ಮುಂದೆ ಹೋಗಿ, ಹುಳು ತಿನ್ನುವ ಈ ಎರಡು ಕುಟುಂಬಗಳು ಉಳಿದ ಬಹುಪಾಲು ಪುಟ್ಟ ಬಾವಲಿಗಳಿಗಿಂತ ಹಣ್ಣು ತಿನ್ನುವ ತೊಗಲುಬಾವಲಿಗೇ ಹತ್ತಿರವೆಂದು ತೋರಿಸಿತು.

ಭಾರತದ ಎಲೆಮೂಗಿನ ಬಾವಲಿಗಳ ವರ್ಣತಂತುಗಳನ್ನು ಕೆ. ಎಸ್. ಶ್ರೀಪಾದ ಮತ್ತು ಸಂಗಡಿಗರು ಹೋಲಿಸಿ 1993ರಲ್ಲಿ ಪ್ರಕಟಿಸಿದರು. ಮರುವರ್ಷವೇ ನಮ್ಮ ಕೋಲಾರದಲ್ಲಿ ಆ ಮನೆತನದ ಹೊಸ ಸದಸ್ಯನೊಂದು ವಿಜ್ಞಾನಕ್ಕೆ ಪರಿಚಯವಾಯಿತು. ಆ ಕೋಲಾರ ಎಲೆಮೂಗು ಬಾವಲಿಯ ಸ್ಥಿತಿಯನ್ನು 2016ರಲ್ಲಿ ಪರಿಶೀಲಿಸಿದಾಗ, ಹನುಮನಹಳ್ಳಿಯ ಒಂದೇ ಗುಹೆಯಲ್ಲಿ ಉಳಿದಿದ್ದವುಗಳ ಸಂಖ್ಯೆ 200ಕ್ಕಿಂತಲೂ ಕಡಿಮೆ. ಕಲ್ಲುಗಣಿಗಳ ಭಯ ಬೇರೆ.

ಭರಣಿಯಲ್ಲಿಟ್ಟ ಬಾವಲಿಯ ಕೋಶಗಳು ವಿಭಜನೆಗೊಳ್ಳುವುದಿಲ್ಲ. ವಂಶಪತ್ರವನ್ನು ಈ ಬಗೆಯಲ್ಲಿ ಓದಬೇಕಾದರೆ ವಂಶವು ಬದುಕಿರಬೇಕು. ಮನೆಯೊಳಗೆ ಬಾವಲಿ ನುಗ್ಗಿತೆಂದು, ಅಪಶಕುನವೆಂದು ಪೊರಕೆಯೆತ್ತುವ ಕೈ ಅಷ್ಟನ್ನು ನೆನೆದು ಒಂದು ಗಳಿಗೆ ತಡೆಯಲಿ. ಕಿಟಕಿಯನ್ನು ತೆರೆದು ದೀಪವಾರಿಸಿದರೆ ಅದು ತಾನಾಗಿಯೇ ಹೊರಟುಹೋಗುತ್ತದೆ.