ಡಿಸ್ಕಿಗೂ ಕಿರ್ದಿ ಬೇಕು, ಕರ್ನಲ್ಲಿಗೂ ಕನ್ನಡ ಬೇಕು!



ಉಣಕಲ್ ಕೆರೆಯ ದಂಡೆಯ ಮೇಲೆ ಸಂಜೆ ಕೂತು ಕಂಪ್ಯೂಟರಿನ ಮಾತಾಡುವ ಹುಡುಗ-ಹುಡುಗಿಯರೇ, ನಿಮಗೊಂದು ಪ್ರಶ್ನೆ. ಲಿನಕ್ಸ್ ಯಂತ್ರ ಡಿಸ್ಕಿಗೆ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಏನಾಗುತ್ತದೆ? ‘ಜರ್ನಲಿಂಗ್ ಇದೆ, ಹೆದರಿಕೆಯಿಲ್ಲ’ ಎನ್ನುತ್ತೀರಿ. ಸರಿ, ಆ ಜರ್ನಲಿಂಗ್ ಎಂದರೇನು? ಕನ್ನಡದಲ್ಲಿ ಹೇಳಿ ನೋಡೋಣ. ಅಲ್ಲಿಗೆ ನಿಮ್ಮ ಬಾಯಿ ಕಟ್ಟಿತು!

ಆ ಪದ ದೂರದಲ್ಲೇನೂ ಇಲ್ಲ. ಉಣಕಲ್ಲಿನಿಂದ ಧಾರವಾಡದ ಕಡೆ ಹೊರಟರೆ ಅಮರಗೋಳದ ಎಪಿಎಂಸಿ. ಅಲ್ಲಿನ ದಲಾಲಿ ಅಂಗಡಿಯ ಹಳೆಯ ಗುಮಾಸ್ತರನ್ನು ಕೇಳಿ. ಅಂದಿನ ವ್ಯವಹಾರ ಮೊದಲು ಕಿರ್ದಿಗೆ, ಆಮೇಲೆ ಖಾತೆಗೆ. ಖಾತೆ ಅರ್ಧಕ್ಕೆ ನಿಂತರೂ ಕಿರ್ದಿ ನೋಡಿ ಲೆಕ್ಕ ಸರಿಪಡಿಸಬಹುದು. ಜರ್ನಲ್ ಎಂದರೆ ಇದೇ ಕಿರ್ದಿ!

ಡಿಸ್ಕಿನಲ್ಲೂ ಹೀಗೆಯೇ. ಬದಲಾವಣೆಯನ್ನು ಮೊದಲು ಕಿರ್ದಿಯಲ್ಲಿ ಬರೆದು, ‘ಪೂರ್ತಿಯಾಯಿತು’ ಎಂಬ ಗುರುತು ಹಾಕಿ, ಆಮೇಲೆ ಅದರ ಜಾಗಕ್ಕೆ ಸೇರಿಸುತ್ತದೆ. ಕರೆಂಟ್ ಹೋಗಿ ಬಂದರೆ ಗುರುತಿರುವುದನ್ನು ಜಾರಿ ಮಾಡುತ್ತದೆ, ಗುರುತಿಲ್ಲದ್ದನ್ನು ಕೈಬಿಡುತ್ತದೆ. ಹಳೆಯ ಇಎಕ್ಸ್‌ಟಿ2ಗೆ ಕಿರ್ದಿಯಿರಲಿಲ್ಲ. ಇಡೀ ಡಿಸ್ಕನ್ನು ತಡಕಾಡಬೇಕಿತ್ತು. 2001ರಲ್ಲಿ ಇಎಕ್ಸ್‌ಟಿ3 ಕರ್ನಲ್ಲಿಗೆ ಬಂದಾಗ ಆ ಕಾಟ ತಪ್ಪಿತು. ಇಎಕ್ಸ್‌ಟಿ4 ಪಕ್ವವಾಗಿ ಬಂದದ್ದು 2008ರಲ್ಲಿ.

ಕರ್ನಲನ್ನು ನೀವೇ ಕಟ್ಟುವುದಾದರೆ ‘ಮೇಕ್ ಮೆನುಕಾನ್ಫಿಗ್’ ಎಂದು ಕೊಟ್ಟು ಫೈಲ್ ಸಿಸ್ಟಮ್ಸ್ ವಿಭಾಗಕ್ಕೆ ಹೋಗಿ. ಇಎಕ್ಸ್‌ಟಿ4 ಆರಿಸಿದರೆ ಕಿರ್ದಿ ಬರೆಯುವ ಜೆಬಿಡಿ2 ತಾನಾಗಿ ಸೇರುತ್ತದೆ. ‘ವೈ’ ಒತ್ತಿದರೆ ಕರ್ನಲ್ಲಿನೊಳಗೇ ಕೂರುತ್ತದೆ. ‘ಎಂ’ ಒತ್ತಿದರೆ ಬೇರೆ ಮಾಡ್ಯೂಲು. ನಿಮ್ಮ ರೂಟ್ ಇಎಕ್ಸ್‌ಟಿ4ನಲ್ಲಿದ್ದು, ಆ ಮಾಡ್ಯೂಲು ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಇಲ್ಲದಿದ್ದರೆ ಯಂತ್ರ ಏಳುವುದೇ ಇಲ್ಲ. ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲು ಹಾಕಿದ ಹಾಗೆ!

ಇನ್ನೊಂದು ಮಾತು. ಸಾಮಾನ್ಯವಾಗಿ ಇಎಕ್ಸ್‌ಟಿ4ನ ಕಿರ್ದಿಯಲ್ಲಿ ಇರುವುದು ಕಡತದ ಹೆಸರು, ಗಾತ್ರ, ಜಾಗದ ವಿವರ ಮಾತ್ರ. ಒಳಗಿನ ಬರಹವೂ ಕಿರ್ದಿಗೆ ಬೀಳಬೇಕೆಂದರೆ ಮೌಂಟ್ ಮಾಡುವಾಗ ‘ಡೇಟಾ=ಜರ್ನಲ್’ ಎಂದು ಹೇಳಬೇಕು. ಆಗ ವೇಗ ತಗ್ಗಬಹುದು. ಕಿರ್ದಿ ಇದೆಯೆಂದು ಬ್ಯಾಕಪ್ ಬಿಡಬೇಡಿ.

ನೋಡಿ, ಇಷ್ಟನ್ನೂ ಕನ್ನಡದಲ್ಲೇ ಹೇಳಿದ್ದಾಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ!

ಈಗ ಕಹಿ ಮಾತು. ಲಿನಕ್ಸ್ ಕರ್ನಲ್ಲಿನ ದಾಖಲೆಗಳಲ್ಲಿ ಅನುವಾದಗಳಿಗೆಂದೇ ಒಂದು ಜಾಗವಿದೆ. ಅಲ್ಲಿ ಚೀನೀ ಇದೆ, ಜಪಾನಿ ಇದೆ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್ ಇವೆ. 2011ರ ಜನಗಣತಿಯಲ್ಲಿ 4.37 ಕೋಟಿ ಜನರ ತಾಯಿನುಡಿಯಾದ ಕನ್ನಡ ಇಲ್ಲ. ಹಿಂದಿಯೂ ಇಲ್ಲ! ಹಾಗಾಗಿ ಹಿಂದಿ ಅಡ್ಡ ಬಂತೆಂದು ಇಲ್ಲಿ ದೂರುವಂತಿಲ್ಲ, ಸರ್ಕಾರ ಅನುದಾನ ಕೊಡಲಿಲ್ಲವೆಂದು ಅಳುವಂತಿಲ್ಲ. ಬರೆದು ಕಳಿಸಿದರೆ ತಪ್ಪು-ಒಪ್ಪು ನೋಡಿ ಸೇರಿಸಿಕೊಳ್ಳುವ ಪದ್ಧತಿ ಅಲ್ಲಿದೆ. ಬರೆದು ಕಳಿಸುವ ನಾವೇ ಇಲ್ಲ.

1982ರಲ್ಲಿ ಗೋಕಾಕ್ ಚಳವಳಿಗೆ ಹಿಂದಿನ ತಲೆಮಾರು ಬೀದಿಗಿಳಿಯಿತು. ನಾಮಫಲಕದ ಹೋರಾಟ ಇಂದಿಗೂ ಬೇಕೇ ಬೇಕು. ಆದರೆ ಫಲಕ ಕನ್ನಡವಾಗಿ, ಅಂಗಡಿಯ ಒಳಗಿನ ಲೆಕ್ಕವೆಲ್ಲ ಇಂಗ್ಲಿಷಾದರೆ ಗೆದ್ದದ್ದೇನು? ಹಳ್ಳಿಯ ಕನ್ನಡ ಶಾಲೆಯಿಂದ ಬರುವ ಜಾಣ ಹುಡುಗಿ ಕರ್ನಲ್ಲಿಗೆ ಹೆದರಿ ಹಿಂದೆ ಸರಿಯುವುದಿಲ್ಲ. ಅವಳು ಹೆದರುವುದು ಅದರ ಇಂಗ್ಲಿಷಿಗೆ.

ಈ ನವೆಂಬರಿನಲ್ಲಿ ಶಾಲು ಹೊದೆಯುವ ಮೊದಲು ಒಂದು ಕೆಲಸ ಮಾಡಿ. ಕರ್ನಲ್ಲಿನ ಒಂದೇ ಒಂದು ಆಯ್ಕೆಯ ವಿವರಣೆಯನ್ನು ನಿಮ್ಮ ಅವ್ವನಿಗೂ ತಿಳಿಯುವ ಕನ್ನಡದಲ್ಲಿ ಬರೆಯಿರಿ. ಪದ ಸಿಗದಿದ್ದರೆ ನಿಘಂಟಿಗಿಂತ ಮೊದಲು ಪೇಟೆಗೆ ಹೋಗಿ. ಕಿರ್ದಿ ಸಿಕ್ಕಿದ್ದು ಅಲ್ಲೇ!